ಕಾಗದ ಕಿತ್ತುಕೊಳ್ಳುವ ಶಾಸ್ತ್ರ

ಸಂಜೆ ದೀಪಕ್ಕೆ ಬತ್ತಿ ಹೊಸೆಯುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಸದ್ದು ಮಾಡುವುದಿಲ್ಲ. ಇದು ನಾನು ಮಾಡಿದ ಕಾನೂನು. ಮಾಡಿ ಎಷ್ಟೋ ವರ್ಷಗಳಾದವು. ಇದಕ್ಕೆ ಕಾರಣ ಏನೆಂದು ಈಗ ನನಗೇ ನೆನಪಿಲ್ಲ. ಕಾರಣ ಮರೆತುಹೋದ ಕಾನೂನನ್ನು ಪಾಲಿಸುವುದರಲ್ಲಿ ಒಂದು ಬೇರೆಯೇ ಸುಖವಿದೆ.

ಮೊನ್ನೆ ಅದನ್ನು ಮುರಿದವಳು ಮೊಮ್ಮಗಳು ಶೈಲ. ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ನನ್ನ ಜೊತೆಗೇ ಇದ್ದಾಳೆ. ಹಳೆಯ ಗ್ರಾಮಾಫೋನ್ ತಟ್ಟೆಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತರುವ ಚಟ ಅವಳಿಗೆ. ಅಂದು ತಂದದ್ದನ್ನು ರಟ್ಟಿನ ಹೊದಿಕೆಯಿಂದ ಎಳೆದಳು. ಹೊದಿಕೆಯಿಂದ ಬಂದ ಹಳೆಯ ರಟ್ಟಿನ ವಾಸನೆ ನೇರವಾಗಿ ನನ್ನ ತಂದೆಯ ಜವಳಿ ಅಂಗಡಿಯ ವಾಸನೆ. ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತು.

"ಅಜ್ಜಿ, ಇದು ಜಾಝ್. ಲೋಕವೆಲ್ಲ ಹೊಗಳಿದ ರೆಕಾರ್ಡು. ಇದರಲ್ಲಿ ಏನು ವಿಶೇಷ ಗೊತ್ತಾ? ಅರ್ಧ ಮೊದಲೇ ಬರೆದಿಟ್ಟದ್ದು, ಇನ್ನರ್ಧ ನುಡಿಸ್ತಾ ನುಡಿಸ್ತಾ ಅಲ್ಲೇ ಹುಟ್ಟಿದ್ದು. ಎಲ್ಲಿ ಬರೆದದ್ದು ಮುಗೀತು, ಎಲ್ಲಿ ಹುಟ್ಟಿದ್ದು ಶುರುವಾಯ್ತು ಅಂತ ಗೊತ್ತೇ ಆಗಲ್ಲ. ಇಂಥದ್ದನ್ನ ಹಿಂದೆ ಯಾರೂ ಮಾಡಿರಲಿಲ್ಲವಂತೆ."

"ಮಾಡಿದ್ದರು," ಎಂದೆ. "ಹೊಳೆನರಸೀಪುರದಲ್ಲಿ. ನನ್ನ ಮದುವೇಲಿ."

ವಯಸ್ಸಾದವರು ಮಾತಾಡಿದಾಗ ಕಿರಿಯರು ಒಂದು ನಗೆ ನಗುತ್ತಾರೆ, ನಿಮಗೂ ಪರಿಚಯವಿರಬಹುದು. ಆ ನಗೆ ನಕ್ಕು ಅವಳು ತಟ್ಟೆಯ ಮೇಲೆ ಮುಳ್ಳು ಇಳಿಸಿದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮ ಅಪ್ಪಾಜಿಗೆ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ. ದೇವರಲ್ಲಿ ಅವರಿಗಿದ್ದ ಭಕ್ತಿ ಊರಿಗೇ ಗೊತ್ತಿತ್ತು. ಗಡಿಯಾರದಲ್ಲಿ ಇದ್ದ ಭಕ್ತಿ ನಮಗೆ ಮಾತ್ರ ಗೊತ್ತಿತ್ತು. ಮೈಸೂರಿನಿಂದ ತಂದ ಗೋಡೆ ಗಡಿಯಾರ ಅದು, ಈಗಲೂ ನನ್ನ ತಲೆಯ ಮೇಲೆ ಟಕ್ ಟಕ್ ಎನ್ನುತ್ತಿದೆ. ಅದಕ್ಕೆ ಕೀ ಕೊಡುವ ಅಧಿಕಾರ ಅಪ್ಪಾಜಿಗೆ ಬಿಟ್ಟು ಬೇರೆ ಯಾರಿಗೂ ಇರಲಿಲ್ಲ. ಸ್ನಾನ, ಪೂಜೆ, ಅಂಗಡಿ ಬಾಗಿಲು, ಊಟ, ಎಲ್ಲವೂ ಅದರ ಅಪ್ಪಣೆ. ರೈಲು ತಡವಾಗಿ ಬಂದರೆ ಅಪ್ಪಾಜಿ ರೈಲಿನ ಮೇಲೆ ಸಿಟ್ಟಾಗುತ್ತಿರಲಿಲ್ಲ, ಅದರ ಪಾಡಿಗೆ ಅಯ್ಯೋ ಎನ್ನುತ್ತಿದ್ದರು. ಹೇಳುವವರು ಕೇಳುವವರು ಇಲ್ಲದೆ ಬೆಳೆದ ಮಗುವನ್ನು ಕಂಡಂತೆ. ಇಂಥವರ ಕೈಯಲ್ಲಿ ಬೆಳೆದವಳು ನಾನು. ಬೆಂಡೆಕಾಯಿಯನ್ನೂ ಒಂದೇ ಅಳತೆಗೆ ಹೆಚ್ಚುತ್ತೇನೆ. ಸಾರಿನ ರುಚಿ ಇದರಿಂದ ಹೆಚ್ಚುವುದಿಲ್ಲ ಎಂದು ನನ್ನ ಯಜಮಾನರು ಇರುವಷ್ಟು ದಿನವೂ ಹೇಳಿದರು.

ಅವರದು ಅರಕಲಗೂಡು. ಮದುವೆ ಗೊತ್ತಾದದ್ದು ಯುದ್ಧದ ಕಾಲದಲ್ಲಿ. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ಪಾಯಸಕ್ಕೆ ಬೆಲ್ಲ ಹಾಕುತ್ತೇವೆ ಎಂದರೆ ಗಂಡಿನ ಕಡೆಯವರು ಉದಾರವಾಗಿ ಒಪ್ಪಿದರು. ಒಂದೇ ಒಂದು ವಿಷಯದಲ್ಲಿ ಮಾತ್ರ ಬಿಗಿಹಿಡಿದರು: ಇಂಗ್ಲಿಷ್ ಬ್ಯಾಂಡು ಬೇಕು. ಚನ್ನರಾಯಪಟ್ಟಣದ ಒಂದು ಮದುವೆಗೆ ಹಾಸನದಿಂದ ಬ್ಯಾಂಡು ಬಂದಿತ್ತಂತೆ. ಚನ್ನರಾಯಪಟ್ಟಣದವರಿಗೇ ಬ್ಯಾಂಡು ಆದ ಮೇಲೆ ಅರಕಲಗೂಡಿನವರು ಬರೀ ವಾಲಗದಲ್ಲಿ ಮದುವೆಯಾಗುವುದು ಹೇಗೆ?

ಅಪ್ಪಾಜಿಗೆ ಇದರಿಂದ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ನಮ್ಮ ಮನೆಯ ಮದುವೆಗಳಿಗೆ ತಲೆತಲಾಂತರದಿಂದ ವಾಲಗ ಊದುತ್ತಿದ್ದವರು ಜವರಯ್ಯನ ಮನೆಯವರು. ಜವರಯ್ಯ ದೊಡ್ಡ ವಿದ್ವಾಂಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಚಿಕ್ಕಪ್ಪನ ಮದುವೆಯಲ್ಲಿ, ಬೀಗರನ್ನು ಎದುರುಗೊಳ್ಳುವಾಗ, ಅವನಿಗೆ ತೋಡಿ ರಾಗ ಹಿಡಿದುಬಿಟ್ಟಿತು. ದೆವ್ವ ಹಿಡಿದರೆ ಬಿಡಿಸಬಹುದು. ರಾಗ ಮುಗಿಯುವವರೆಗೆ ಬೀಗರು ಚಪ್ಪರದ ಬಾಗಿಲಲ್ಲಿ, ಬಿಸಿಲಲ್ಲಿ, ಬರಿಗಾಲಲ್ಲಿ ನಿಂತಿದ್ದರು. ಆ ಬಿಸಿಲನ್ನು ಅಪ್ಪಾಜಿ ಮರೆತಿರಲಿಲ್ಲ.

ಬ್ಯಾಂಡಿನ ಮಾಸ್ತರು ಹಾಸನದ ಚೌರಪ್ಪನವರು. ಹಿಂದೆ ಸೈನ್ಯದ ಯಾವುದೋ ಪಟಾಲಮ್ಮಿನ ಬ್ಯಾಂಡಿನಲ್ಲಿದ್ದು ಬಂದವರು. ಊರಲ್ಲಿ ಒಂದಷ್ಟು ಜನಕ್ಕೆ ಕೆಂಪು ಕೋಟು ತೊಡಿಸಿ ತಾವೇ ಒಂದು ಸೆಟ್ಟು ಕಟ್ಟಿದ್ದರು. ಮಾತಿಗೆಂದು ರೈಲಿನಲ್ಲಿ ಬಂದಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದರು. ಅದರ ತುಂಬ ಸ್ವರ ಬರೆದ ನೊಟೇಷನ್ ಕಾಗದ. ಅಪ್ಪಾಜಿ ಒಂದನ್ನು ಕೈಗೆ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಬಹಳ ಮೆಚ್ಚಿಕೊಂಡರು.

"ಇದರಲ್ಲಿ ಇದ್ದಷ್ಟೇ ಊದ್ತೀರಾ?"

"ಒಂದು ಸ್ವರ ಹೆಚ್ಚಿಲ್ಲ, ಒಂದು ಸ್ವರ ಕಡಮೆ ಇಲ್ಲ ಯಜಮಾನ್ರೆ."

"ಶುರುವಾದ ಮೇಲೆ ಯಾವಾಗ ಮುಗಿಯುತ್ತೆ ಅಂತ ಮೊದಲೇ ಹೇಳಬಹುದೋ?"

"ಗಡಿಯಾರ ಇಟ್ಟುಕೊಂಡು ನೋಡಿ."

ಅಪ್ಪಾಜಿಯ ಕಣ್ಣು ಒದ್ದೆಯಾಗುವುದೊಂದು ಬಾಕಿ. ಮಾಸ್ತರು ಹುರುಪಿನಲ್ಲಿ ಇನ್ನೂ ಹೇಳಿದರು: "ಬೆಂಗಳೂರು ದಂಡಿನಲ್ಲಿ ಈಗ ಅಮೇರಿಕದ ಸಿಪಾಯಿಗಳು ಬಂದಿದಾರೆ. ಅವರ ಬ್ಯಾಂಡು ಕೇಳಿದೆ. ಮುಂದೆ ಕಾಗದವೇ ಇಲ್ಲ! ಒಬ್ಬ ಒಂದು ದಾರಿ ಹಿಡೀತಾನೆ, ಇನ್ನೊಬ್ಬ ಇನ್ನೊಂದು ದಾರಿ. ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ಸೇರ್ತಾರೆ. ಅದು ಬರೀ ಅದೃಷ್ಟ ಯಜಮಾನ್ರೆ, ಸಂಗೀತ ಅಲ್ಲ."

ಒಳಗೆ ಬಾಗಿಲ ಮರೆಯಲ್ಲಿ ನಿಂತು ನಾನೂ ತಲೆದೂಗಿದೆ. ಅಪ್ಪನ ಮಗಳು.

ಒಂದೇ ಒಂದು ತೊಡಕು ಉಳಿದಿತ್ತು, ಗಟ್ಟಿಮೇಳ. ತಾಳಿ ಕಟ್ಟುವ ಗಳಿಗೆಯಲ್ಲಿ ಅಳು, ಸೀನು, ಅಪಶಕುನದ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದು. ಅದಕ್ಕೆಂದು ಪುರೋಹಿತರು ಕೈಯೆತ್ತಿದ ಕೂಡಲೆ, ನುಡಿಸುತ್ತಿದ್ದದ್ದನ್ನು ಅಲ್ಲೇ ಬಿಟ್ಟು, ಇದ್ದ ವಾದ್ಯವನ್ನೆಲ್ಲ ಒಟ್ಟಿಗೆ ಜೋರಾಗಿ ಬಾರಿಸುತ್ತಾರಲ್ಲ, ಅದು. ಮಾಸ್ತರು ಪೆಟ್ಟಿಗೆಯೆಲ್ಲ ಹುಡುಕಿದರು. "ಇದಕ್ಕೆ ಕಾಗದ ಇಲ್ಲವಲ್ಲ. ಎಷ್ಟು ಹೊತ್ತಿನದು ಅಂತ ಹೇಳಿದರೆ ಬರೆದುಕೊಳ್ತೀನಿ."

ಅಪ್ಪಾಜಿಗೂ ಅದನ್ನು ತಿಳಿದುಕೊಳ್ಳುವ ಆಸೆ. ನಮ್ಮ ಮನೆಯ ಪುರೋಹಿತರಾದ ಅಯ್ಯನವರು ಜಗಲಿಯಲ್ಲಿ ವಿಭೂತಿ ಗಟ್ಟಿ ತೇಯುತ್ತಾ ಕೂತಿದ್ದರು. ಅವರನ್ನು ಕೇಳಿದರು.

"ಎಷ್ಟು ಹೊತ್ತು ಅಂದರೆ?" ಅಯ್ಯನವರು ತಲೆಯೆತ್ತಲಿಲ್ಲ. "ಗಂಡಿನ ಕೈ ನಡುಗಿದಷ್ಟು ಹೊತ್ತು."

ಇಬ್ಬರು ಶಿಸ್ತಿನ ಮನುಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಾಸ್ತರು ಸಿಪಾಯಿಗಳು ಹೆಜ್ಜೆ ಹಾಕುವ ಒಂದು ಮಾರ್ಚಿನ ಕಾಗದ ತೆಗೆದು, "ಇದನ್ನೇ ಗಟ್ಟಿಯಾಗಿ ಊದ್ತೀವಿ," ಎಂದರು. ಮಾತು ಮುಗಿಯಿತು.

ಸುದ್ದಿ ಊರಲ್ಲಿ ಹರಡಿ ಮಾರನೆಯ ದಿನವೇ ಜವರಯ್ಯ ಬಂದ. ಅಂಗಡಿಗಲ್ಲ, ಮನೆಗೆ. ಅಂಗಳದಲ್ಲಿ ಹೆಗಲವಸ್ತ್ರ ಕೈಗೆ ತೆಗೆದುಕೊಂಡು ನಿಂತ.

"ಬ್ಯಾಂಡು ಬತ್ತದಂತೆ, ಬುದ್ಧಿ."

"ಬೀಗರ ಆಸೆ ಜವರಯ್ಯ. ನಿನ್ನ ಮೇಲೆ ನನಗೇನೂ ಇಲ್ಲ. ನಿನಗೆ ಬರೋದು ಬರುತ್ತೆ, ಊಟಕ್ಕೆ ಬಾ."

"ಊಟಕ್ಕೆ ಬತ್ತೀನಿ, ಅದಲ್ಲ. ನಿಮ್ಮ ಮದುವೇಲಿ ಊದಿದ್ದು ನಮ್ಮಪ್ಪ. ನಿಮ್ಮಪ್ಪಾರ ಮದುವೇಲಿ ನಮ್ಮ ತಾತ. ಈ ಮನೇಲಿ ವಾಲಗ ನಿಂತೋದ್ರೆ ಪ್ಯಾಟೆಬೀದೀಲಿ ನಿಂತೋಯ್ತದೆ. ಪ್ಯಾಟೆಬೀದೀಲಿ ನಿಂತೋದ್ರೆ ಊರಲ್ಲೇ ನಿಂತೋಯ್ತದೆ. ಆಮೇಲೆ ಇದನ್ನ ಒಲೆ ಊದಾಕೆ ಇಟ್ಕೋಬೇಕು ಅಷ್ಟೆ."

ಅವನು ಹೇಳಿದ್ದು ನಿಜ. ಅಪ್ಪಾಜಿ ಯಾವ ಬಣ್ಣದ ಪೇಟ ಸುತ್ತಿದರೆ ಆ ವರ್ಷ ಊರೇ ಆ ಬಣ್ಣ ಸುತ್ತುತ್ತಿತ್ತು. ಅಪ್ಪಾಜಿಗೂ ಅದು ಗೊತ್ತಿತ್ತು. ಗಡಿಯಾರ ನೋಡಿದರು, ಅಂಗಡಿಗೆ ಹೊತ್ತಾಯಿತೆಂದರು.

ಜವರಯ್ಯ ನನ್ನ ಕಡೆ ತಿರುಗಿ, "ನೀನೇನಂತೀಯವ್ವಾ?" ಎಂದ. ಮದುವೆಯ ಹೆಣ್ಣನ್ನು ಯಾರೂ ಏನೂ ಕೇಳದಿದ್ದ ಕಾಲ ಅದು. ಕೇಳಿದ್ದಕ್ಕೇ ಗಾಬರಿಯಾಗಿ ಒಳಗೆ ಓಡಿಹೋದೆ.

ಮದುವೆಯ ದಿನವನ್ನು ನಾನು ವರ್ಣಿಸಿದರೆ ಅದರಲ್ಲಿ ಬರೀ ಕಾಲುಗಳೇ ಇರುತ್ತವೆ. ಮದುಮಗಳು ತಲೆ ಎತ್ತುವಂತಿಲ್ಲ. ಎದುರಿಗೆ ಒಂದು ಅಂತರಪಟ, ಅದರ ಕೆಳಗೆ ಗಂಡಿನ ಪಾದ. ಅಯ್ಯನವರ ಪಾದ, ವಿಭೂತಿಯಷ್ಟೇ ಬೂದಿ ಬಣ್ಣ. ಅಪ್ಪಾಜಿಯ ಪಾದ, ಒಂದು ಕಡೆ ನಿಲ್ಲದ್ದು. ಅದಕ್ಕೆ ಕಾರಣವಿತ್ತು: ಅರಕಲಗೂಡಿನಿಂದ ಬರಬೇಕಾಗಿದ್ದ ದಿಬ್ಬಣದ ಬಸ್ಸು ಇದ್ದಿಲು ಗ್ಯಾಸಿನದು, ಯುದ್ಧದ ಕಾಲದ ಬಸ್ಸು. ಏರಿನಲ್ಲಿ ಅದಕ್ಕೆ ಉಸಿರು ನಿಂತಿತು. ಗಂಡಿನವರು ಬಸ್ಸನ್ನು ಹಿಂದಿನಿಂದ ತಳ್ಳುತ್ತಾ, ಅದರ ಇದ್ದಿಲೊಲೆಗೆ ಗಾಳಿ ಹಾಕುತ್ತಾ, ಮಸಿ ಬಳಿದುಕೊಂಡು ಬಂದಿಳಿಯುವ ಹೊತ್ತಿಗೆ ಮುಹೂರ್ತ ಬಾಗಿಲಲ್ಲಿತ್ತು. ಅಪ್ಪಾಜಿ ಹಾಕಿಟ್ಟಿದ್ದ ವೇಳಾಪಟ್ಟಿಯಲ್ಲಿ ಇದ್ದಿಲಿಗೆ ಜಾಗವಿರಲಿಲ್ಲ.

ಇಷ್ಟು ಹೊತ್ತೂ ಬ್ಯಾಂಡು ಊದಿದ್ದೇ ಊದಿತ್ತು. ಅವರ ಕಾಲೂ ನನಗೆ ಕಾಣುತ್ತಿತ್ತು. ಚಪ್ಪರದೊಳಗೆ ಬೂಟು ಬಿಡಿಸಿದ್ದರಿಂದ ಕೆಂಪು ಕೋಟು, ಪಟ್ಟೆ ಷರಾಯಿಯ ಕೆಳಗೆ ಬರಿಗಾಲು. ಮಾಸ್ತರ ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ಲೆಕ್ಕ ಹಾಕುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಅದನ್ನು ನೋಡುತ್ತಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಕಂಬದ ಬುಡದಲ್ಲಿ ಇನ್ನೆರಡು ಕಾಲು. ಒಡೆದ ಹಿಮ್ಮಡಿ, ಎಡಗಾಲಿಗೆ ಬೆಳ್ಳಿಯ ಕಡಗ. ಜವರಯ್ಯ ಊಟಕ್ಕೆ ಬಂದಿದ್ದಾನೆ. ತೊಡೆಯ ಮೇಲೆ ಬಟ್ಟೆ ಚೀಲದಲ್ಲಿ ವಾಲಗ. ಯಾರೋ ಹೆಂಗಸು ಛೇಡಿಸಿದ್ದು ಕೇಳಿಸಿತು:

"ಏನ್ಲಾ ಜವರಾ, ಊಟಕ್ಕೆ ಬಂದೋನು ಅದನ್ಯಾಕ್ಲಾ ತಂದಿದೀಯೆ?"

"ಮನೇಲಿ ಒಂದೇ ಇದ್ರೆ ಅಳ್ತದೆ ಕಣವ್ವಾ."

ಆದರೆ ಅವನ ಮಾತು ತೊದಲಿದಂತೆ ಕೇಳಿತು. ನಿಯಮ ಮುರಿದು ಒಂದಿಷ್ಟು ಕಣ್ಣೆತ್ತಿದೆ. ವಾಲಗದ ತುದಿಗೆ ಸಿಕ್ಕಿಸುವ ಪೀಪಿ ಅವನ ಬಾಯಲ್ಲಿತ್ತು. ನೆನೆಯದ ಪೀಪಿ ನುಡಿಯುವುದಿಲ್ಲ. ಊಟಕ್ಕೆ ಬಂದವನು ಪೀಪಿ ನೆನೆಸಿಕೊಂಡು ಕೂತಿದ್ದ.

ಅಪ್ಪಾಜಿ ಸನ್ನೆ ಮಾಡಿದರು, ಬ್ಯಾಂಡು ಆ ಮಾರ್ಚನ್ನು ಎತ್ತಿಕೊಂಡಿತು. ಅಂತರಪಟ ಸರಿಯಿತು. ಅಯ್ಯನವರು ಮಂತ್ರ ಹೇಳಿ, ತಾಳಿಯನ್ನು ಗಂಡಿನ ಕೈಗಿಟ್ಟು, ಕೈಯೆತ್ತಿ ಕೂಗಿದರು: "ಗಟ್ಟಿಮೇಳ! ಗಟ್ಟಿಮೇಳ!"

ಮಾರ್ಚು ತನ್ನ ಪಾಡಿಗೆ ನಡೆಯುತ್ತಿತ್ತು, ಕವಾಯತಿನ ಸಿಪಾಯಿಯ ಹಾಗೆ, ಎಡ ಬಲ, ಎಡ ಬಲ.

"ಗಟ್ಟಿಮೇಳ!"

ಮಾಸ್ತರು ಕ್ಲಾರಿನೆಟ್ಟು ಬಾಯಿಂದ ತೆಗೆಯದೆ ಹುಬ್ಬಿನಲ್ಲೇ ಕಾಗದ ತೋರಿಸಿದರಂತೆ: ಇನ್ನೂ ಅರ್ಧ ಇದೆ. ಹಿಡಿದದ್ದನ್ನು ನಡುವೆ ಬಿಡುವುದು ಅವರ ಧರ್ಮದಲ್ಲಿರಲಿಲ್ಲ. ಜವರಯ್ಯ ಕಾಗದವಿಲ್ಲದ್ದರಿಂದ ನಿಲ್ಲಿಸುತ್ತಿರಲಿಲ್ಲ, ಇವರು ಕಾಗದವಿದ್ದದ್ದರಿಂದ ನಿಲ್ಲಿಸಲಿಲ್ಲ. ಗಂಡಿಗೆ ಕಟ್ಟಬೇಕೋ ಕಾಯಬೇಕೋ ತಿಳಿಯಲಿಲ್ಲ. ತಾಳಿಯ ದಾರ ನನ್ನ ಕತ್ತಿನ ಹತ್ತಿರ ಬಂದು ನಿಂತುಬಿಟ್ಟಿತು.

ಆಗ ಅಪ್ಪಾಜಿಯ ಪಾದಗಳು ಓಡಿದವು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೋಗಿ, ಮಾಸ್ತರ ಸ್ಟ್ಯಾಂಡಿನ ಮೇಲಿದ್ದ ಕಾಗದವನ್ನು ಕಿತ್ತುಕೊಂಡರು.

ಬ್ಯಾಂಡು ನಿಂತಿತು. ಹೇಗೆ ನಿಂತಿತೆಂದರೆ, ಬಾವಿಗೆ ಬಿದ್ದ ಹಾಗೆ. ಯಾವ ಗಳಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದಿರಬೇಕೋ ಆ ಗಳಿಗೆಯಲ್ಲಿ ಚಪ್ಪರದಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಎಲ್ಲೋ ಒಂದು ಸೀನು ಮೂಗಿನ ತುದಿಗೆ ಬಂದು ಹವಣಿಸುತ್ತಿರುವುದು ನಮಗೆಲ್ಲ ಕೇಳಿಸಿತು. ಜಗಲಿಯ ಗೋಡೆಯ ಗಡಿಯಾರ ಕೇಳಿಸಿತು. ಗಂಡಿನ ಕೈಯಲ್ಲಿ ತಾಳಿಯ ಗುಂಡುಗಳು ಒಂದಕ್ಕೊಂದು ತಾಗುವುದು ಕೇಳಿಸಿತು.

ಒಡೆದ ಹಿಮ್ಮಡಿಗಳು ಕಂಬದ ಬುಡದಿಂದ ಎದ್ದವು. ವಾಲಗ ಮೇಲಿನ ಷಡ್ಜದಲ್ಲಿ ಚಪ್ಪರವನ್ನು ಸೀಳಿಕೊಂಡು ಬಂತು.

ಅವನ ಡೋಲಿನವನು ಬಂದಿರಲಿಲ್ಲ, ಕರೆದಿರಲಿಲ್ಲವಲ್ಲ. ಆದರೆ ಬ್ಯಾಂಡಿನಲ್ಲಿ ಕೆಂಪು ಕೋಟು ತೊಟ್ಟು ದೊಡ್ಡ ಡ್ರಮ್ಮು ಹೊತ್ತಿದ್ದವನು ಯಾರೆಂದುಕೊಂಡಿರಿ? ಜವರಯ್ಯನ ಭಾಮೈದ. ನಮ್ಮ ಸೀಮೆಯಲ್ಲಿ ಚರ್ಮಕ್ಕೆ ಕೋಲು ಹಾಕುವವರು ಬೇರೆ ಎಲ್ಲಿಂದ ಬರಬೇಕು? ಕೋಟಿನೊಳಗಿದ್ದ ಡೋಲಿನವನು ಎದ್ದು ಕೂತ. ಏಟು ಬಿತ್ತು. ಅದರ ಹಿಂದೆ ಒಂದು ಕ್ಷಣ ತಡೆದು ಕ್ಲಾರಿನೆಟ್ಟು. ಮಾಸ್ತರ ಮುಂದೆ ಬರೀ ಸ್ಟ್ಯಾಂಡು, ಅದರಾಚೆ ಗಾಳಿ. ಹೆಬ್ಬೆರಳು ಲೆಕ್ಕ ಬಿಟ್ಟಿತು, ನೆಲದ ಮೇಲೆ ಒಮ್ಮೆ ಸುಮ್ಮನೆ ಹೊರಳಿತು, ಆಮೇಲೆ ಇಡೀ ಪಾದವೇ ಕುಣಿಯತೊಡಗಿತು. ನಿಂತುಹೋಗಿದ್ದ ಮಾರ್ಚಿನ ಸ್ವರಗಳನ್ನೇ ಅವರು ಎತ್ತಿಕೊಂಡರು; ಜವರಯ್ಯ ಅದನ್ನು ಅವರ ಬಾಯಿಂದಲೇ ಕಸಿದು, ತಿರುಗಿಸಿ, ಬಗ್ಗಿಸಿ, ಒಂದು ಬಳುಕು ಕೊಟ್ಟು ಹಿಂದಕ್ಕೆ ಎಸೆದ. ಅವರು ಹಿಡಿದರು. ಸಿಪಾಯಿ ಕುಣಿದರೆ ಹೇಗಿರುತ್ತದೆ, ನೀವೇ ಊಹಿಸಿಕೊಳ್ಳಿ.

ಗಂಟು ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಅಯ್ಯನವರು ಎತ್ತಿದ ಕೈ ಇಳಿಸಲಿಲ್ಲ. ಅದುಮಿಟ್ಟಿದ್ದ ಸೀನೂ ಬಂದಿರಬೇಕು, ಯಾರಿಗೂ ಕೇಳಿಸಲಿಲ್ಲ. ಕತ್ತಿಗೆ ತಾಳಿ ಬಿತ್ತು, ಅಯ್ಯನವರ ಕೈ ಇಳಿಯಿತು, ಅಕ್ಷತೆ ಬಿತ್ತು. ಜವರಯ್ಯ, ಮಾಸ್ತರು ಮಾತ್ರ ನಿಲ್ಲಿಸಲಿಲ್ಲ. ಅಪ್ಪಾಜಿ ಮುದುಡಿದ ಕಾಗದ ಕೈಯಲ್ಲಿ ಹಿಡಿದು ಗಡಿಯಾರದ ಕೆಳಗೇ ನಿಂತಿದ್ದರು, ತಲೆ ಎತ್ತಿ ಅದನ್ನು ನೋಡಲಿಲ್ಲ ಎಂದು ಆಮೇಲೆ ನಮ್ಮವ್ವ ಹೇಳಿದಳು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಜನ ಮೆಚ್ಚಿದರು. ಜನ ಮೆಚ್ಚಿದ ಮೇಲೆ ಯಾವುದೂ ಇದ್ದಲ್ಲಿಗೆ ನಿಲ್ಲುವುದಿಲ್ಲ.

ಅರಕಲಗೂಡಿನವರು ಊರಿಗೆ ಹೋಗಿ ಹೊಗಳಿದರು. ಮುಂದಿನ ಮದುವೆಯ ಕಾಲಕ್ಕೆ ಹಾಸನ, ಚನ್ನರಾಯಪಟ್ಟಣ ಎಲ್ಲ ಕಡೆಯಿಂದಲೂ ಬೇಡಿಕೆ: ನರಸೀಪುರದ ಜೋಡಿಯೇ ಬೇಕು, ಅದೇ ಗಟ್ಟಿಮೇಳವೇ ಬೇಕು. ಜವರಯ್ಯನ ವಾಲಗ ಉಳಿಯಿತು. ಒಲೆ ಊದುವುದು ತಪ್ಪಿತು. ಚೌರಪ್ಪನವರು, ಶಿಸ್ತಿನ ಮನುಷ್ಯರು, ಮುಂದೆ ಗೊಂದಲವಾಗಬಾರದೆಂದು ಆ ದಿನ ಊದಿದ್ದನ್ನೆಲ್ಲ ನೆನಪಿನಿಂದ ಕಾಗದಕ್ಕೆ ಇಳಿಸಿದರು, ಜವರಯ್ಯನ ಬಳುಕುಗಳನ್ನೂ ಬಿಡದೆ.

ಹಿರೀಸಾವೆಯ ರಸ್ತೆ ಪಕ್ಕದ ಹೋಟೆಲಿನಲ್ಲಿ, ಯಾವುದೋ ಮದುವೆಗೆ ಹೊರಟಿದ್ದ ಇಬ್ಬರೂ ಜಗಳವಾಡುತ್ತಿದ್ದದ್ದನ್ನು ನಮ್ಮ ಯಜಮಾನರು ಕಂಡು ಬಂದು ಹೇಳಿದ್ದರು.

"ಹೋದ ಸಲ ಈ ಜಾಗದಲ್ಲಿ ಬೇರೆ ಊದಿದೆಯಲ್ಲ ಜವರಯ್ಯ. ಇಲ್ಲಿ ಹೀಗಲ್ಲವಾ ಇರೋದು?"

"ಅವತ್ತು ಊದಿದ್ದು ಅವತ್ತಿಗೇ ಮುಗೀತು ಮಾಸ್ಟ್ರೆ."

"ಜನ ಕೇಳೋದು ಅವತ್ತಿಂದೇ ಕಣಯ್ಯಾ."

ಜವರಯ್ಯ ಕಾಫಿ ಕುಡಿದು ಲೋಟ ಕುಕ್ಕಿದನಂತೆ. ಮಾಸ್ತರು ಹೇಳಿದ್ದೂ ಸುಳ್ಳಲ್ಲ. ಒಂದು ಬಳುಕು ಆಚೀಚೆಯಾದರೆ ಬೀಗರು, "ಇದು ಅದಲ್ಲ," ಎಂದು ಮುಖ ಗಂಟು ಹಾಕುತ್ತಿದ್ದರು.

ಇನ್ನೊಂದು ಆಯಿತು. ಅದೇ ಗಟ್ಟಿಮೇಳ ಬೇಕೆಂದವರಿಗೆ ಅದಕ್ಕೆ ಮೊದಲು ನಡೆದದ್ದೂ ಬೇಕೆನಿಸಿತು. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ಎದ್ದು ಹೋಗಿ, ಗಂಭೀರವಾಗಿ, ಮಾಸ್ತರ ಕಾಗದವನ್ನು ಕಿತ್ತುಕೊಂಡರು. ಮುಂದಿನ ಮದುವೆಯಲ್ಲೂ ಕಿತ್ತುಕೊಂಡರು. ಮಾಸ್ತರು ಕೀಳುವುದಕ್ಕೆಂದೇ ಒಂದು ಖಾಲಿ ಕಾಗದ ಇಡತೊಡಗಿದರು. ಕೆಲವರು ಅದಕ್ಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದರು. ನಾನು ಬಾಣಂತನಕ್ಕೆ ಬರುವ ಹೊತ್ತಿಗೆ ಅದು ಶಾಸ್ತ್ರವಾಗಿತ್ತು. ಒಬ್ಬ ಮುದುಕಿ ನನ್ನೆದುರೇ ಹೇಳಿದಳು, "ಹೆಣ್ಣಿನ ತಂದೆ ಕಾಗದ ಕೀಳ್ದಿದ್ರೆ ಆ ಮದುವೆ ನಿಲ್ಲಾಕಿಲ್ಲ ಕಣವ್ವಾ. ನಮ್ಮ ತಾತನ ಕಾಲದಿಂದ್ಲೂ ಅಂಗೇ." ಅಪ್ಪಾಜಿ ಪಕ್ಕದಲ್ಲೇ ಕೂತಿದ್ದರು. ತಮ್ಮ ಒಂದು ದಿನದ ಗಾಬರಿ ತಾತನ ಕಾಲದ್ದಾದದ್ದು ಅವರಿಗೆ ಸ್ವಲ್ಪ ಹೆಮ್ಮೆಯನ್ನೂ ತಂದಿರಬೇಕು.

ಚೌರಪ್ಪನವರ ಪಾಡು ಇನ್ನೊಂದು ಬಗೆ. ಒಮ್ಮೆ ಕಾಗದವಿಲ್ಲದೆ ಊದಿದವರಿಗೆ ಅದರ ರುಚಿ ಹತ್ತಿತು. ಮೆರವಣಿಗೆಯಲ್ಲಿ ಕಣ್ಣು ಮುಚ್ಚಿ ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದರು, ಹಿಂದಿನವರು ಕಾಗದ ಹಿಡಿದು ಕಾಯುತ್ತಾ ನಿಲ್ಲುತ್ತಿದ್ದರು. ಬೀಗರು ಮತ್ತೆ ಬಿಸಿಲಲ್ಲಿ. ಅದನ್ನು ಅದೃಷ್ಟ ಎನ್ನುವುದನ್ನು ಮಾತ್ರ ಬಿಟ್ಟಿದ್ದರು.

ಆ ಬಾಣಂತನದಲ್ಲೇ, ಮಗಳ ನಾಮಕರಣದ ದಿನ, ಜವರಯ್ಯ ತಾನಾಗಿಯೇ ಬಂದ. ಬ್ಯಾಂಡಿಲ್ಲ, ಬೀಗರಿಲ್ಲ. ಮನೆಯವರಷ್ಟೇ. ಹಿಂದೆ ಅಂಗಳದಲ್ಲಿ ಅವನು ಕೇಳಿದ್ದಕ್ಕೆ ಓಡಿಹೋದವಳು ಈಗ ಒಂದು ಮಗುವಿನ ತಾಯಿ, ಬಾಯಿ ಬಂದಿತ್ತು.

"ಜವರಯ್ಯ, ಇವತ್ತು ಅದು ಬೇಡ. ನಿಮಗೆ ಏನು ಬರುತ್ತೋ ಅದನ್ನ ಊದಿ. ಎಷ್ಟು ಹೊತ್ತಾದರೂ ಸರಿ."

"ತೋಡಿ ಊದ್ಲಾ ಅವ್ವಾ?" ಎಂದ. ಅವನ ಮುಖ ಅರಳಿತು. ಪೀಪಿ ನೆನೆಸಿ, ಕಣ್ಣು ಮುಚ್ಚಿ ಶುರುಮಾಡಿದ. ಒಂದು ಎಳೆ ತೆಗೆದ, ಇನ್ನೊಂದು ಎಳೆ ತೆಗೆದ. ಮೂರನೆಯದು ತಾನೇ ತಿರುಗಿ ಹೋಗಿ ಆ ಮಾರ್ಚಿನ ಬಳುಕಿಗೆ ಸೇರಿತು. ನಿಲ್ಲಿಸಿದ. ಮತ್ತೆ ಶುರುಮಾಡಿದ. ಮತ್ತೆ ಅಲ್ಲಿಗೇ. ಪೀಪಿ ಕೈಗೆ ತೆಗೆದುಕೊಂಡು ಅದನ್ನೇ ನೋಡುತ್ತಾ ನಕ್ಕ.

"ಇದೇ ಬತ್ತದೆ ಕಣವ್ವಾ. ಬ್ಯಾರೇದು ಬರಾಕಿಲ್ಲ ಅಂತದೆ."

ಅಪ್ಪಾಜಿ ಬಾಗಿಲಲ್ಲಿ ನಿಂತಿದ್ದರು. ಅವರ ಕೈ ಒಮ್ಮೆ ಅಲುಗಿದ್ದನ್ನು ಕಂಡೆ. ಆದರೆ ಕಿತ್ತುಕೊಳ್ಳುವುದಕ್ಕೆ ಅಲ್ಲಿ ಕಾಗದವಿರಲಿಲ್ಲ.

ಶೈಲಳ ತಟ್ಟೆ ಮುಗಿದಿತ್ತು. ಚೆನ್ನಾಗಿತ್ತು; ಸುಳ್ಳು ಹೇಳಬಾರದು. ಒಂದು ಕಡೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುತ್ತಿರುವಾಗ ಒಬ್ಬ ಮಾತ್ರ ಸಾಲಿನಿಂದ ಹೊರಗೆ ಬಂದು ಅತ್ತ ಇತ್ತ ನೋಡಿ ಓಡಿಹೋಗುತ್ತಾನೆ. ಅಲ್ಲಿ ನನಗೆ ಕೆಂಪು ಕೋಟಿನ ಕೆಳಗಿನ ಬರಿಗಾಲು ಕಂಡಿತ್ತು.

"ನೋಡಿದ್ಯಾ ಅಜ್ಜಿ? ಆ ಜಾಗ ಇದೆಯಲ್ಲ, ಅದು ಆ ಗಳಿಗೇಲಿ ಹುಟ್ಟಿದ್ದು. ಎರಡನೇ ಸಲ ಬರೋದೇ ಇಲ್ಲ. ಇರು, ಮತ್ತೆ ಕೇಳಿಸ್ತೀನಿ."

ಮತ್ತೆ ಕೇಳಿಸಿದಳು. ಎರಡನೇ ಸಲ ಬಾರದ್ದು ಎರಡನೇ ಸಲ ಬಂತು, ಅದೇ ಜಾಗದಲ್ಲಿ, ಅದೇ ಉಸಿರಿನಲ್ಲಿ. ಶೈಲ ಮುಂದೆ ಬರುವುದನ್ನು ಮೊದಲೇ ತಿಳಿದು ಗಾಳಿಯಲ್ಲಿ ಬೆರಳು ಆಡಿಸುತ್ತಿದ್ದಳು. ಇನ್ನೊಂದು ಎರಡು ಹೆಜ್ಜೆ, ಅವನು ಸಾಲಿನಿಂದ ಹೊರಗೆ ಬರಬೇಕು.

ನಾನು ಎದ್ದು ಹೋಗಿ ಮುಳ್ಳನ್ನು ಎತ್ತಿಬಿಟ್ಟೆ.

"ಅಯ್ಯೋ! ಅಜ್ಜಿ! ಏನ್ ಮಾಡ್ದೆ?"

ಮನೆ ನಿಶ್ಶಬ್ದವಾಯಿತು. ಗೋಡೆಯ ಮೇಲೆ ಅಪ್ಪಾಜಿಯ ಗಡಿಯಾರ ಕೇಳಿಸಿತು. ಹತ್ತಿ, ಅರ್ಧ ಹೊಸೆದ ಬತ್ತಿ, ಹೊತ್ತಿಸದ ದೀಪ. ನಾನು ಮುಳ್ಳು ಹಿಡಿದೇ ನಿಂತೆ, ಇಳಿಸಲಿಲ್ಲ. ಶೈಲ ಸಿಡುಕಿನಿಂದ, "ಅಲ್ಲೇ ಬರ್ತಿತ್ತಲ್ಲ ಅಜ್ಜಿ, ಹಿಂಗೆ..." ಎಂದು ಬಾಯಲ್ಲೇ ಗುನುಗಿ ತೋರಿಸಲು ಹೊರಟಳು. ನಾಲ್ಕು ಸ್ವರ ಸರಿಯಾಗಿ ಬಂದವು. ಐದನೆಯದು ತಪ್ಪಿತು. ತಪ್ಪಿದ್ದನ್ನು ಸರಿಮಾಡಲು ಹೋಗಿ ಅವಳು ತಟ್ಟೆಯಲ್ಲಿ ಇಲ್ಲದ ಒಂದು ಕಡೆಗೆ ಹೋದಳು. ಅಲ್ಲಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಸಿಟ್ಟು ಮರೆತು ಮುಂದುವರಿದಳು.

ದೀಪದ ಹೊತ್ತು ಮೀರಿತ್ತು. ಅವಳು ಗುನುಗುತ್ತಲೇ ಇದ್ದಳು. ತಲೆ ತಗ್ಗಿಸಿ ನೋಡಿದರೆ ನನ್ನ ಬಲಗಾಲಿನ ಹೆಬ್ಬೆರಳು ನೆಲವನ್ನು ತಟ್ಟುತ್ತಿತ್ತು. ಅದು ಏನನ್ನೂ ಎಣಿಸುತ್ತಿರಲಿಲ್ಲ.